ಮೂವತ್ತು ಬಹ್ತ್ ಚಿಕಿತ್ಸೆ: ಪುರಾವೆ ಮೊದಲೋ, ಓಟು ಮೊದಲೋ?

ಪ್ರಶ್ನೆ: ಥಾಯ್ಲೆಂಡಿನಲ್ಲಿ 30 ಬಹ್ತ್ ಕೊಟ್ಟರೆ ಯಾವ ಕಾಯಿಲೆಗಾದರೂ ಚಿಕಿತ್ಸೆ ಸಿಗುತ್ತದೆ, ‘ಪುರಾವೆ ಆಧಾರಿತ’ ಸುಧಾರಣೆಗೆ ಅದೊಂದು ಒಳ್ಳೆಯ ಮಾದರಿ ಎಂದು ಓದಿದೆ. ನಮ್ಮ ಆಫೀಸಿನಲ್ಲಿ ಇದರ ಮೇಲೆ ದೊಡ್ಡ ವಾದವೇ ನಡೆಯಿತು. ‘ಅದೂ ಚುನಾವಣೆಯ ಬಿಟ್ಟಿ ಭಾಗ್ಯವೇ. ಅಂಕಿಅಂಶ ಎಲ್ಲ ಆಮೇಲೆ ಅಂಟಿಸಿದ್ದು’ ಎಂದರು ಒಬ್ಬ ಸಹೋದ್ಯೋಗಿ. ನಿಜಕ್ಕೂ ಏನಾಯಿತು? ಸರ್ಕಾರಗಳು ಪುರಾವೆ ನೋಡಿ ತೀರ್ಮಾನ ಮಾಡುವುದುಂಟಾ? ನಮ್ಮ ಕರ್ನಾಟಕದಲ್ಲಿ ಅಂಥದ್ದೇನಾದರೂ ಆಗಿದೆಯಾ?

ಉತ್ತರ: ನಿಮ್ಮ ಸಹೋದ್ಯೋಗಿಯ ಮಾತು ಅರ್ಧ ಸರಿ. 30 ಬಹ್ತ್ ಎಂಬ ಮೊತ್ತವನ್ನು ಯಾವ ಸಂಶೋಧಕರೂ ಲೆಕ್ಕ ಹಾಕಿ ಕೊಟ್ಟಿದ್ದಲ್ಲ. ಅದು ಥಕ್ಸಿನ್ ಶಿನವಾತ್ರ ಅವರ ಥಾಯ್ ರಾಕ್ ಥಾಯ್ ಪಕ್ಷದ ಚುನಾವಣಾ ಘೋಷಣೆ. 2001ರ ಜನವರಿಯಲ್ಲಿ ಅವರು ಗೆದ್ದರು. ಏಪ್ರಿಲ್‌ನಲ್ಲೇ ಆರು ಪ್ರಾಂತ್ಯಗಳಲ್ಲಿ ಯೋಜನೆ ಶುರುವಾಯಿತು. ಮುಂದಿನ ಏಪ್ರಿಲ್ ಹೊತ್ತಿಗೆ ಇಡೀ ದೇಶಕ್ಕೆ ಹಬ್ಬಿತ್ತು. ಆಗ ಬಹ್ತ್‌ಗೂ ನಮ್ಮ ರೂಪಾಯಿಗೂ ಹೆಚ್ಚು ಅಂತರ ಇರಲಿಲ್ಲ. ಹಾಗಾಗಿ ಮೂವತ್ತು ರೂಪಾಯಿ ಅಂದುಕೊಂಡರೂ ತಪ್ಪಿಲ್ಲ. ಜನರ ಬಾಯಲ್ಲಿ ಸಲೀಸಾಗಿ ಓಡಾಡುವ ಸಂಖ್ಯೆ, ಅಷ್ಟೇ.

‘ಅಂಕಿಅಂಶ ಆಮೇಲೆ ಅಂಟಿಸಿದ್ದು’ ಅನ್ನೋದು ಮಾತ್ರ ತಪ್ಪು. ಘೋಷಣೆ ಬಂದಿದ್ದು 2001ರ ಚುನಾವಣೆಗೆ. ಅದರ ಕೆಳಗಿದ್ದ ಲೆಕ್ಕಾಚಾರ ಅದಕ್ಕಿಂತ ಎಷ್ಟೋ ಹಳೆಯದು. ಯಾರನ್ನು ಸೇರಿಸಿಕೊಳ್ಳಬೇಕು, ಆಸ್ಪತ್ರೆಗೆ ದುಡ್ಡು ಯಾವ ರೀತಿ ಕೊಡಬೇಕು, ರೋಗಿ ಮೊದಲು ಯಾವ ಬಾಗಿಲಿಗೆ ಹೋಗಬೇಕು ಎಂಬ ಮೂರು ಪ್ರಶ್ನೆಗಳಿಗೆ ಆ ದೇಶ ಅಷ್ಟರಲ್ಲಾಗಲೇ ಉತ್ತರ ಕಂಡುಕೊಂಡಿತ್ತು. ಅದರಲ್ಲಿ ಬಹುಪಾಲು ತನ್ನದೇ ಸೋಲುಗಳಿಂದ.

ಮೊದಲು ಯಾರನ್ನು ಸೇರಿಸಬೇಕು ಎಂಬುದು. 1975ರಿಂದಲೇ ಥಾಯ್ಲೆಂಡಿನಲ್ಲಿ ಬಡವರಿಗೆ ಉಚಿತ ಚಿಕಿತ್ಸೆಯ ಕಾರ್ಡ್ ಇತ್ತು. ನಮ್ಮ ಬಿಪಿಎಲ್ ಕಾರ್ಡಿನ ಕಥೆ ಗೊತ್ತಿದ್ದವರಿಗೆ ಅಲ್ಲಿನ ಕಥೆ ಬಿಡಿಸಿ ಹೇಳಬೇಕಿಲ್ಲ. ನಿಜವಾದ ಬಡವರಲ್ಲಿ ಎಷ್ಟೋ ಮಂದಿಗೆ ಕಾರ್ಡ್ ಸಿಗಲಿಲ್ಲ, ಅನುಕೂಲಸ್ಥರಲ್ಲಿ ಎಷ್ಟೋ ಮಂದಿಯ ಜೇಬಿನಲ್ಲಿ ಕಾರ್ಡ್ ಇತ್ತು. 1983ರಲ್ಲಿ ಇನ್ನೊಂದು ದಾರಿ ನೋಡಿದರು. ವರ್ಷಕ್ಕೆ ಒಂದು ನಿಗದಿತ ಮೊತ್ತ ಕೊಟ್ಟು ಮನೆಯವರೆಲ್ಲರಿಗೂ ಆರೋಗ್ಯ ಕಾರ್ಡ್ ಕೊಳ್ಳಬಹುದು, ಬೇಕಾದವರು ಕೊಳ್ಳಿ, ಬೇಡದವರು ಬಿಡಿ ಎಂದರು. ಕೊಂಡವರು ಯಾರು? ಮನೆಯಲ್ಲಿ ಕಾಯಿಲೆ ಇದ್ದವರು, ಹೆರಿಗೆ ಹತ್ತಿರ ಬಂದವರು. ಗಟ್ಟಿಮುಟ್ಟಾಗಿದ್ದವರು ಆ ಕಡೆ ತಿರುಗಿಯೂ ನೋಡಲಿಲ್ಲ. ವಿಮೆಗೆ ಇದಕ್ಕಿಂತ ದೊಡ್ಡ ರೋಗ ಬೇರೆ ಇಲ್ಲ. ಹೀಗೆ ಎಲ್ಲ ಯೋಜನೆಗಳನ್ನೂ ಕೂಡಿಸಿ ನೋಡಿದರೂ, 2001ರಲ್ಲಿ ಜನಸಂಖ್ಯೆಯ ಸುಮಾರು ಮೂರನೇ ಒಂದು ಭಾಗ ಯಾವುದರಲ್ಲೂ ಇರಲಿಲ್ಲ.

ಈ ಎರಡು ಸೋಲುಗಳನ್ನೂ ಅಲ್ಲಿನವರು ಮುಚ್ಚಿಡಲಿಲ್ಲ. ಮನೆಮನೆ ಸಮೀಕ್ಷೆ ಮಾಡಿ, ಬರೆದು, ಚರ್ಚಿಸಿದ್ದರು. ಅದಕ್ಕೇ 2001ರಲ್ಲಿ ‘ಬಡವರಿಗೆ ಮಾತ್ರ ಕೊಡೋಣ’ ಅಥವಾ ‘ಬೇಕಾದವರು ಕಂತು ಕಟ್ಟಲಿ’ ಎಂಬ ಸಲಹೆಗಳಿಗೆ ಸಿದ್ಧ ಉತ್ತರ ಇತ್ತು. ಸರ್ಕಾರಿ ನೌಕರರ ಯೋಜನೆ ಒಂದು, ಕಂಪನಿ ಕಾರ್ಮಿಕರ ಸಾಮಾಜಿಕ ಭದ್ರತೆ ಇನ್ನೊಂದು. ಈ ಎರಡರಲ್ಲೂ ಇಲ್ಲದ ಪ್ರತಿ ನಾಗರಿಕನೂ ತಾನಾಗೇ ಹೊಸ ಯೋಜನೆಯೊಳಗೆ. ಅರ್ಜಿ, ಆದಾಯ ಪ್ರಮಾಣಪತ್ರ, ಕಂತು ಯಾವುದೂ ಇಲ್ಲ. ದುಡ್ಡು ಬರುವುದು ಸಾಮಾನ್ಯ ತೆರಿಗೆಯಿಂದ. ಹೊಲದಲ್ಲಿ ದುಡಿಯುವವರಿಂದ, ರಸ್ತೆ ಬದಿ ವ್ಯಾಪಾರಿಗಳಿಂದ ತಿಂಗಳು ತಿಂಗಳು ಕಂತು ವಸೂಲಿ ಮಾಡುವ ಖರ್ಚೇ ಜಾಸ್ತಿ ಆಗುತ್ತದೆ ಎಂಬುದು ಆಗಲೇ ಗೊತ್ತಿತ್ತು. ಇವತ್ತು ಸುಮಾರು 4.7 ಕೋಟಿ ಜನ, ಅಂದರೆ ದೇಶದ ಮುಕ್ಕಾಲು ಪಾಲು ಈ ಯೋಜನೆಯಲ್ಲಿದ್ದಾರೆ.

ಎರಡನೆಯದು ಆಸ್ಪತ್ರೆಗೆ ದುಡ್ಡು ಕೊಡುವ ರೀತಿ. ನನಗೆ ಇಡೀ ಕಥೆಯಲ್ಲಿ ತುಂಬ ಇಷ್ಟವಾದ ಭಾಗ ಇದೇ, ಯಾಕೆಂದರೆ ಇಲ್ಲಿ ಪುರಾವೆ ಯಾರೂ ಬೇಕೆಂದು ಮಾಡದೆ ಸಿಕ್ಕಿತು. ಅಲ್ಲಿನ ಸರ್ಕಾರಿ ನೌಕರರ ಯೋಜನೆಯಲ್ಲಿ ಆಸ್ಪತ್ರೆ ಎಷ್ಟು ಬಿಲ್ ಕಳಿಸಿದರೂ ಖಜಾನೆ ಕಟ್ಟುತ್ತಿತ್ತು. 1991ರಲ್ಲಿ ಶುರುವಾದ ಕಾರ್ಮಿಕರ ಯೋಜನೆಯಲ್ಲಿ ಹಾಗಲ್ಲ. ಒಬ್ಬ ಕಾರ್ಮಿಕನಿಗೆ ವರ್ಷಕ್ಕೆ ಇಷ್ಟು ಎಂದು ಆಸ್ಪತ್ರೆಗೆ ಮೊದಲೇ ಒಂದು ಗಂಟು ಕೊಟ್ಟುಬಿಡುವುದು, ಅದರಲ್ಲೇ ನೋಡಿಕೊಳ್ಳಬೇಕು. ಇದಕ್ಕೆ ಕ್ಯಾಪಿಟೇಶನ್ ಅನ್ನುತ್ತಾರೆ. ಒಂದೇ ದೇಶ, ಅದೇ ವೈದ್ಯರು, ಎಷ್ಟೋ ಸಲ ಅದೇ ಆಸ್ಪತ್ರೆ. ಆದರೂ ಹತ್ತು ವರ್ಷದಲ್ಲಿ ಒಂದು ಯೋಜನೆಯ ಖರ್ಚು ಏರುತ್ತಲೇ ಹೋಯಿತು, ಇನ್ನೊಂದರದ್ದು ಹಿಡಿತದಲ್ಲಿತ್ತು. ಬಿಲ್ ಪದ್ಧತಿಯ ಕಡೆ ದುಬಾರಿ ಬ್ರ್ಯಾಂಡ್ ಔಷಧಿ ಹೆಚ್ಚು, ಸಿಸೇರಿಯನ್ ಹೆಚ್ಚು. ಪ್ರಯೋಗಶಾಲೆಯಲ್ಲಿ ಕೂತು ಯೋಜಿಸಿದ್ದರೂ ಇಷ್ಟು ಸ್ಪಷ್ಟ ಹೋಲಿಕೆ ಸಿಗುತ್ತಿರಲಿಲ್ಲ.

ಹಾಗಾಗಿ 30 ಬಹ್ತ್ ಯೋಜನೆ ಹೊರರೋಗಿಗಳಿಗೆ ಕ್ಯಾಪಿಟೇಶನ್ ದಾರಿ ಹಿಡಿಯಿತು. ಒಳರೋಗಿಗಳ ಖರ್ಚನ್ನು ಕಾಯಿಲೆಯ ಗುಂಪಿಗೆ ಇಷ್ಟು ದರ ಎಂದು ಕಟ್ಟಿ, ಒಟ್ಟು ಮೊತ್ತಕ್ಕೂ ಒಂದು ಮೇಲ್ಮಿತಿ ಹಾಕಿದರು. ಮೊದಲ ವರ್ಷ ತಲೆಗೆ 1,202 ಬಹ್ತ್. ಮೂವತ್ತರ ಹಾಗಲ್ಲ ಈ ಸಂಖ್ಯೆ, ಇದನ್ನು ಸಂಶೋಧಕರು ಕೂತು ಲೆಕ್ಕ ಹಾಕಿದ್ದರು. ಜನ ವರ್ಷಕ್ಕೆ ಎಷ್ಟು ಸಲ ಆಸ್ಪತ್ರೆಗೆ ಹೋಗುತ್ತಾರೆ ಎಂದು ಮನೆಮನೆ ಸಮೀಕ್ಷೆಯಿಂದ ತೆಗೆದು, ಒಂದು ಭೇಟಿಗೆ ಎಷ್ಟು ಖರ್ಚು ಎಂಬುದರಿಂದ ಗುಣಿಸಿದ್ದರು. ಪೋಸ್ಟರ್ ಮೇಲೆ ಇದ್ದದ್ದು 30. ಯೋಜನೆಯನ್ನು ನಡೆಸಿದ್ದು 1,202.

ಮೂರನೆಯದು, ರೋಗಿ ಮೊದಲು ಹೋಗುವ ಬಾಗಿಲು. ಇದರ ಹಿಂದೆ ಮೂವತ್ತು ವರ್ಷದ ಕೆಲಸ ಇತ್ತು. 1972ರಿಂದ ವೈದ್ಯಕೀಯ ಪದವಿ ಮುಗಿಸಿದವರು ಮೂರು ವರ್ಷ ಸರ್ಕಾರಿ ಸೇವೆ ಮಾಡಲೇಬೇಕು, ಬಹುಪಾಲು ಹಳ್ಳಿ ಕಡೆ. 1982ರಿಂದ 86ರವರೆಗಿನ ಪಂಚವಾರ್ಷಿಕ ಯೋಜನೆಯಲ್ಲಿ ಪಟ್ಟಣದ ದೊಡ್ಡ ಆಸ್ಪತ್ರೆಗಳ ಹೊಸ ಕಟ್ಟಡಗಳಿಗೆ ದುಡ್ಡು ತಡೆಹಿಡಿದು, ಅದನ್ನು ನಮ್ಮ ತಾಲ್ಲೂಕಿಗೆ ಸಮವಾದ ಜಿಲ್ಲಾ ಘಟಕಗಳ ಆಸ್ಪತ್ರೆಗಳಿಗೆ ಸುರಿದರು. ಬ್ಯಾಂಕಾಕಿನ ದೊಡ್ಡ ವೈದ್ಯರಿಗೆ ಇದು ಎಷ್ಟು ಹಿಡಿಸಿರಬಹುದು, ನೀವೇ ಊಹಿಸಿ. ಯೋಜನೆಯ ಹಿಂದಿನ ಮುಖ್ಯ ವ್ಯಕ್ತಿ ಡಾ. ಸಂಗುವಾನ್ ನಿತಯಾರುಂಪೋಂಗ್ ಕೂಡ ಇಂಥ ಊರನ್ನು ಹತ್ತಿರದಿಂದ ಕಂಡವರು. ಈಶಾನ್ಯದ ಸೀಸಾಕೆಟ್ ಪ್ರಾಂತ್ಯದ ರಾಸಿ ಸಲೈ ಎಂಬ ಬಡ ಊರಿನ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರು. ಆಮೇಲೆ ಅಯುತ್ತಯ ಪ್ರಾಂತ್ಯದಲ್ಲಿ ಪ್ರಾಥಮಿಕ ಆರೈಕೆಯ ಪ್ರಯೋಗ ನಡೆಸಿ, ಮನೆ ಹತ್ತಿರದ ಕೇಂದ್ರ ಚೆನ್ನಾಗಿದ್ದರೆ ಜನ ದೊಡ್ಡಾಸ್ಪತ್ರೆಗೆ ಓಡುವುದಿಲ್ಲ ಎಂದು ತೋರಿಸಿದರು. ಸಾರ್ವತ್ರಿಕ ಯೋಜನೆಯ ಕರಡು ಹಿಡಿದು ಪಕ್ಷಗಳ ಬಾಗಿಲು ತಟ್ಟಿದವರೂ ಅವರೇ. ಥಕ್ಸಿನ್ ಒಪ್ಪಿದರು. ಇತ್ತ ನಾಗರಿಕ ಸಂಘಟನೆಗಳು, 1997ರ ಸಂವಿಧಾನ ಕೊಟ್ಟ ಅವಕಾಶ ಬಳಸಿ, ಆರೋಗ್ಯ ಭದ್ರತಾ ಮಸೂದೆಗೆ 50,000 ಸಹಿ ಸಂಗ್ರಹಿಸಲು ಹೊರಟವು.

ಅಂದರೆ ಪುರಾವೆ ಮೊದಲೋ ಓಟು ಮೊದಲೋ ಎಂದು ಕೇಳಿದರೆ, ಪುರಾವೆ ಎಷ್ಟೋ ವರ್ಷದಿಂದ ತಯಾರಾಗಿ ಕೂತಿತ್ತು, ಓಟು ಬಂದು ಅದನ್ನು ಎಬ್ಬಿಸಿತು. ಓಟು ಇಲ್ಲದಿದ್ದರೆ ಅದು ಕಪಾಟಿನಲ್ಲೇ ಇರುತ್ತಿತ್ತು. ಪುರಾವೆ ಇಲ್ಲದಿದ್ದರೆ ಓಟು ಗೆದ್ದವರ ಹತ್ತಿರ ಘೋಷಣೆ ಬಿಟ್ಟು ಏನೂ ಇರುತ್ತಿರಲಿಲ್ಲ.

ಎಲ್ಲವೂ ಪುರಾವೆ ಹೇಳಿದ ಹಾಗೆ ನಡೆಯಿತು ಅಂತಲೂ ಅಲ್ಲ. ಶುರುವಿನಲ್ಲಿ ಸಿಬ್ಬಂದಿಯ ಸಂಬಳವನ್ನೂ ಆ ತಲಾ ಮೊತ್ತದೊಳಗೇ ಸೇರಿಸಿದ್ದರು. ಜನ ಜಾಸ್ತಿ ಇರುವ ಕಡೆ ದುಡ್ಡು ಹೋದರೆ, ವೈದ್ಯರೂ ಅಲ್ಲಿಗೇ ಹೋಗುತ್ತಾರೆ ಎಂಬ ಲೆಕ್ಕ. ಕಾಗದದ ಮೇಲೆ ಚೊಕ್ಕಟವಾಗಿತ್ತು. ವೈದ್ಯರು ತುಂಬಿಕೊಂಡಿದ್ದ ಪ್ರಾಂತ್ಯಗಳ ಆಸ್ಪತ್ರೆಗಳಿಗೆ ಸಂಬಳ ಕೊಡಲಿಕ್ಕೇ ದುಡ್ಡು ಸಾಲದೆ ಗಲಾಟೆ ಎದ್ದಿತು. ಸರ್ಕಾರ ಹಿಂದೆ ಸರಿದು, ಸಂಬಳವನ್ನು ಮೇಲಿನ ಮಟ್ಟದಲ್ಲೇ ಕಳೆದು ಉಳಿದದ್ದನ್ನು ಹಂಚಿತು. ವೈದ್ಯರ ಹಂಚಿಕೆ ಹಳೆಯ ಹಾಗೆಯೇ ಉಳಿಯಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳ ಸಾಲು ಉದ್ದವಾಯಿತು. ಅದೇ ಹೊತ್ತಿಗೆ ಹೊರದೇಶದ ರೋಗಿಗಳಿಗಾಗಿ ಬೆಳೆಯುತ್ತಿದ್ದ ಖಾಸಗಿ ಆಸ್ಪತ್ರೆಗಳು ವೈದ್ಯರನ್ನು ಎಳೆದುಕೊಂಡವು. ಇದು ಇಂದಿಗೂ ಪೂರ್ತಿ ಬಗೆಹರಿದಿಲ್ಲ.

ಫಲ ಏನಾಯಿತು? 2001ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದ ಸುಮಾರು ಮೂರನೇ ಒಂದು ಭಾಗ ಜನರ ಜೇಬಿನಿಂದ ನೇರವಾಗಿ ಹೋಗುತ್ತಿತ್ತು. 2010ರ ದಶಕದ ಮಧ್ಯದ ಹೊತ್ತಿಗೆ ಅದು ಶೇ. 12ರ ಆಸುಪಾಸಿಗೆ ಇಳಿದಿತ್ತು. ಯೋಜನೆ ಶುರುವಾದಾಗ ಥಾಯ್ಲೆಂಡಿನ ತಲಾ ಆದಾಯ ವರ್ಷಕ್ಕೆ 2,000 ಡಾಲರಿಗೂ ಕಡಿಮೆ ಇತ್ತು ಎಂಬುದನ್ನೂ ನೆನಪಿಡಿ. ‘ಮೊದಲು ಶ್ರೀಮಂತರಾಗೋಣ, ಆಮೇಲೆ ಎಲ್ಲರಿಗೂ ಚಿಕಿತ್ಸೆ’ ಎನ್ನುವವರಿಗೆ ಇದನ್ನು ತೋರಿಸಬಹುದು.

ಆದರೆ ನನ್ನ ಮಟ್ಟಿಗೆ ಇನ್ನೂ ಮುಖ್ಯವಾದದ್ದು ಜೊನಾಥನ್ ಗ್ರೂಬರ್, ನೇಥನ್ ಹೆಂಡ್ರನ್, ರಾಬರ್ಟ್ ಟೌನ್ಸೆಂಡ್ ಎಂಬ ಅರ್ಥಶಾಸ್ತ್ರಜ್ಞರು 2014ರಲ್ಲಿ ಪ್ರಕಟಿಸಿದ ಅಧ್ಯಯನ. ಯೋಜನೆಗೆ ಮುಂಚೆ ಬಡ ಪ್ರಾಂತ್ಯಗಳಲ್ಲಿ ಶಿಶು ಮರಣ ಶ್ರೀಮಂತ ಪ್ರಾಂತ್ಯಗಳಿಗಿಂತ ಹೆಚ್ಚಿತ್ತು. ಯೋಜನೆಯ ನಂತರ ಬಡತನಕ್ಕೂ ಶಿಶು ಮರಣಕ್ಕೂ ಇದ್ದ ಆ ನಂಟು ಅಳಿಸಿಹೋಯಿತು. ಇದರಲ್ಲಿ ಒಂದು ಸೂಕ್ಷ್ಮ ಇದೆ. ಬಡವರಿಗೆ ಮೊದಲೇ ಉಚಿತ ಕಾರ್ಡ್ ಇತ್ತಲ್ಲ, ಅವರ ಮಟ್ಟಿಗೆ 30 ಬಹ್ತ್ ಏನು ಹೊಸದು? ಹೊಸದು ಆಸ್ಪತ್ರೆಯ ಕಡೆ ಇತ್ತು. ಮೊದಲು ಬಡ ರೋಗಿ ಬಂದರೆ ಆಸ್ಪತ್ರೆಗೆ ಸಿಗುತ್ತಿದ್ದ ದುಡ್ಡು ಅತ್ಯಲ್ಪ. ಹೊಸ ಪದ್ಧತಿಯಲ್ಲಿ ಬಡವನ ತಲೆಗೂ ಉಳಿದವರಷ್ಟೇ ಮೊತ್ತ. ರೋಗಿಗೆ ‘ಉಚಿತ’ ಎಂದು ಬರೆದುಕೊಟ್ಟು ಆಸ್ಪತ್ರೆಗೆ ದುಡ್ಡು ಕೊಡದಿದ್ದರೆ ಏನಾಗುತ್ತದೆ ಎಂದು ಸರ್ಕಾರಿ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ‘ಹೊರಗಡೆ ತಗೊಳ್ಳಿ’ ಎಂದು ಕೇಳಿಸಿಕೊಂಡ ಯಾರಿಗಾದರೂ ಗೊತ್ತು.

ಇಲ್ಲಿಯವರೆಗೆ ಹೇಳಿದ್ದು ಒಂದು ದೊಡ್ಡ ಸುಧಾರಣೆಯ ಕಥೆ. ಆದರೆ ದೊಡ್ಡ ಸುಧಾರಣೆ ಇಪ್ಪತ್ತು ಮೂವತ್ತು ವರ್ಷಕ್ಕೊಮ್ಮೆ ಬರುತ್ತದೆ. ದಿನನಿತ್ಯದ ಪ್ರಶ್ನೆ ಬೇರೆ. ಹೊಸ ಔಷಧಿ ಬಂತು, ಹೊಸ ಲಸಿಕೆ ಬಂತು, ಯೋಜನೆಗೆ ಸೇರಿಸಬೇಕಾ ಬೇಡವಾ? ಇದಕ್ಕಾಗಿ ಥಾಯ್ಲೆಂಡ್ 2007ರಲ್ಲಿ ಹೈಟ್ಯಾಪ್ ಎಂಬ ಸಂಸ್ಥೆ ಕಟ್ಟಿತು. ಆರೋಗ್ಯ ತಂತ್ರಜ್ಞಾನ ಮತ್ತು ಕಾರ್ಯಕ್ರಮಗಳ ಮೌಲ್ಯಮಾಪನ ಅದರ ಕೆಲಸ. ಲಾಭಕ್ಕಾಗಿ ನಡೆಯುವ ಔಷಧಿ ಕಂಪನಿಗಳ ದುಡ್ಡು ಮುಟ್ಟುವುದಿಲ್ಲ ಎಂಬುದು ಅದರ ನಿಯಮ. ಯಾವ ವಿಷಯ ಪರಿಶೀಲಿಸಬೇಕು ಎಂಬುದನ್ನು ತಜ್ಞರಷ್ಟೇ ಹೇಳುವುದಿಲ್ಲ. ವೈದ್ಯರು, ಅಧಿಕಾರಿಗಳು, ವಿದ್ವಾಂಸರು, ರೋಗಿಗಳ ಸಂಘಗಳು, ನಾಗರಿಕ ಸಂಘಟನೆಗಳು, ಉದ್ಯಮ, ಸಾಮಾನ್ಯ ಜನ, ಹೀಗೆ ಏಳು ಗುಂಪುಗಳು ವಿಷಯ ಸೂಚಿಸಬಹುದು.

ಅಳತೆಗೋಲು ಕೂಡ ಬಹಿರಂಗ. ಒಬ್ಬ ಮನುಷ್ಯನಿಗೆ ಒಳ್ಳೆಯ ಆರೋಗ್ಯದ ಒಂದು ವರ್ಷ ಗಳಿಸಿಕೊಡಲು ಎಷ್ಟು ಖರ್ಚು ಎಂದು ಲೆಕ್ಕ ಹಾಕುತ್ತಾರೆ. 2013ರಿಂದ ಆ ಮಿತಿ 1,60,000 ಬಹ್ತ್. ಅದರೊಳಗಿದ್ದರೆ ದುಡ್ಡಿಗೆ ತಕ್ಕ ಬೆಲೆ ಇದೆ ಎಂದರ್ಥ. ಮನುಷ್ಯರ ಜೀವಕ್ಕೆ ಬೆಲೆ ಕಟ್ಟುವುದಾ ಎಂದು ಕೇಳಬೇಡಿ. ಬೆಲೆ ಎಲ್ಲ ದೇಶಗಳಲ್ಲೂ ಕಟ್ಟುತ್ತಾರೆ, ಹೆಚ್ಚಿನ ಕಡೆ ಬಾಗಿಲು ಹಾಕಿಕೊಂಡು. ಇಲ್ಲಿ ಬಾಗಿಲು ತೆರೆದಿದೆ, ಅಷ್ಟೇ ವ್ಯತ್ಯಾಸ. ಮಿತಿ ದಾಟಿದರೆ ಮುಗಿಯಿತು ಅಂತಲೂ ಇಲ್ಲ. ಗೌಚರ್ ಎಂಬ ಬಹಳ ಅಪರೂಪದ ಕಾಯಿಲೆಯ ಔಷಧಿ ಮಿತಿಯನ್ನು ಎಲ್ಲೋ ಮೀರಿತ್ತು. ಆದರೂ ಸೇರಿಸಿಕೊಂಡರು. ರೋಗಿಗಳು ಬೆರಳೆಣಿಕೆಯಷ್ಟು, ಬಜೆಟ್ಟಿಗೆ ಹೊರೆ ಕಡಿಮೆ, ಆ ಕುಟುಂಬಗಳಿಗೆ ಬೇರೆ ದಾರಿ ಇಲ್ಲ.

‘ಇಲ್ಲ’ ಅನ್ನುವ ಉತ್ತರದಿಂದಲೂ ಲಾಭ ಇದೆ ಎಂಬುದಕ್ಕೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ನೋಡಿ. ಲಸಿಕೆ ಒಳ್ಳೆಯದೇ. ಆದರೆ ಶುರುವಿನಲ್ಲಿ ಮಾರುಕಟ್ಟೆ ಬೆಲೆ ವಿಪರೀತ ಇತ್ತು. ಈ ಬೆಲೆಗೆ ಬೇಡ, ಅದೇ ದುಡ್ಡಿನಲ್ಲಿ ಮಹಿಳೆಯರ ತಪಾಸಣೆ ಹೆಚ್ಚಿಸಿ ಎಂದು ಹೈಟ್ಯಾಪ್ ಹೇಳಿತು. ಯಾವ ಬೆಲೆಗೆ ಬಂದರೆ ಕೊಳ್ಳಬಹುದು ಎಂಬುದೂ ಲೆಕ್ಕದಲ್ಲಿತ್ತು. ಚೌಕಾಶಿಗೆ ಕೂತ ಅಧಿಕಾರಿಗೆ ಇದಕ್ಕಿಂತ ದೊಡ್ಡ ಅಸ್ತ್ರ ಯಾವುದಿದೆ? ಬೆಲೆ ಇಳಿಯಿತು. 2017ರಲ್ಲಿ ಶಾಲೆಯ ಐದನೇ ತರಗತಿ ಹುಡುಗಿಯರಿಗೆ ದೇಶಾದ್ಯಂತ ಲಸಿಕೆ ಬಂತು. ನಡುವೆ ಕಳೆದ ವರ್ಷಗಳಲ್ಲಿ ಲಸಿಕೆ ತಪ್ಪಿದ ಹುಡುಗಿಯರೂ ಇದ್ದಾರೆ ಅನ್ನೋದು ನಿಜ. ಅದೂ ಲೆಕ್ಕದ ಒಂದು ಭಾಗವೇ.

ಈಗ ಡಯಾಲಿಸಿಸ್ ವಿಷಯಕ್ಕೆ ಬರೋಣ. ಪುರಾವೆಗೂ ರಾಜಕೀಯಕ್ಕೂ ಇರುವ ಸಂಬಂಧ ತಿಳಿಯಬೇಕಾದರೆ ಇದೊಂದನ್ನು ಪೂರ್ತಿ ನೋಡಿದರೆ ಸಾಕು.

2002ರಲ್ಲಿ ಯೋಜನೆ ಇಡೀ ದೇಶಕ್ಕೆ ಹಬ್ಬಿದಾಗ ಡಯಾಲಿಸಿಸ್ ಅದರಲ್ಲಿ ಇರಲಿಲ್ಲ. ಖರ್ಚು ವಿಪರೀತ, ಸಿಗುವ ಆಯುಷ್ಯ ಕಡಿಮೆ ಎಂದು ಬಿಟ್ಟಿದ್ದರು. ನಂತರದ ಅಧ್ಯಯನಗಳೂ ಅದನ್ನೇ ಹೇಳಿದವು. ಆದರೆ ಸರ್ಕಾರಿ ನೌಕರರಿಗೆ, ಕಂಪನಿ ಕಾರ್ಮಿಕರಿಗೆ ಡಯಾಲಿಸಿಸ್ ಸಿಗುತ್ತಿತ್ತು. ರೈತನ ಕಿಡ್ನಿ ಕೆಟ್ಟರೆ ಹೊಲ ಮಾರಬೇಕು ಅಥವಾ ಸಾಯಬೇಕು. ಕಿಡ್ನಿ ರೋಗಿಗಳು ಸಂಘ ಕಟ್ಟಿ ಬೀದಿಗೆ ಬಂದರು. ಸರ್ಕಾರ ಮಣಿಯಿತು. 2008ರ ಜನವರಿಯಿಂದ ಡಯಾಲಿಸಿಸ್ ಯೋಜನೆಯೊಳಗೆ ಬಂತು.

ಪುರಾವೆ ಸೋತಿತು ಅನ್ನಿಸಬಹುದು. ಆದರೆ ಹಾಗಾಗಲಿಲ್ಲ. ಅದೇ ಅಧ್ಯಯನಗಳು ಇನ್ನೊಂದು ಮಾತನ್ನೂ ಹೇಳಿದ್ದವು. ಕೊಡಲೇಬೇಕೆಂದರೆ ಹೊಟ್ಟೆಯ ಡಯಾಲಿಸಿಸ್ ಕೊಡಿ, ರಕ್ತದ ಯಂತ್ರದ ಡಯಾಲಿಸಿಸ್‌ಗಿಂತ ಅದು ಸೋವಿ. ಹೊಟ್ಟೆಯೊಳಗೆ ಒಂದು ಕೊಳವೆ ಕೂರಿಸಿ, ದಿನಕ್ಕೆ ನಾಲ್ಕು ಸಲ ದ್ರವದ ಚೀಲ ಬದಲಿಸುವುದು. ರೋಗಿಯೇ ಮನೆಯಲ್ಲಿ ಮಾಡಿಕೊಳ್ಳಬಹುದು. ಯಂತ್ರಗಳು, ಕಿಡ್ನಿ ತಜ್ಞರು ಎಲ್ಲ ಬ್ಯಾಂಕಾಕ್ ಮತ್ತು ದೊಡ್ಡ ಊರುಗಳಲ್ಲಿ. ಹಳ್ಳಿಯವರು ವಾರಕ್ಕೆ ಎರಡು ಮೂರು ಸಲ ಬಸ್ಸು ಹತ್ತಿ ಹೋಗುವುದು ಹೇಗೆ? ಹಾಗಾಗಿ ‘ಮೊದಲು ಹೊಟ್ಟೆಯ ಡಯಾಲಿಸಿಸ್’ ಎಂಬ ನೀತಿ ಬಂತು. ವೈದ್ಯಕೀಯ ಕಾರಣ ಇದ್ದವರಿಗೆ ಮಾತ್ರ ಯಂತ್ರ. ಸುಮ್ನೆ ಯಂತ್ರವೇ ಬೇಕು ಎನ್ನುವವರು ಸ್ವಂತ ಖರ್ಚಿನಲ್ಲಿ ಮಾಡಿಸಿಕೊಳ್ಳಬೇಕು. ದಾದಿಯರಿಗೆ ತರಬೇತಿ ಕೊಟ್ಟರು. ದ್ರವದ ಚೀಲಗಳನ್ನು ಅಂಚೆ ಇಲಾಖೆ ರೋಗಿಗಳ ಮನೆ ಬಾಗಿಲಿಗೇ ತಲುಪಿಸಿತು.

ಅಂದರೆ ‘ಕೊಡಬೇಕಾ?’ ಎಂಬ ಪ್ರಶ್ನೆಗೆ ಉತ್ತರ ಕೊಟ್ಟಿದ್ದು ನ್ಯಾಯದ ಮಾತು. ‘ಹೇಗೆ ಕೊಡಬೇಕು?’ ಎಂಬುದಕ್ಕೆ ಉತ್ತರ ಕೊಟ್ಟಿದ್ದು ಪುರಾವೆ. 2008ರಲ್ಲಿ ರಾಜಕೀಯ ಗೆದ್ದಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ನೌಕರನ ಕಿಡ್ನಿಗೆ ಒಂದು ನಿಯಮ, ರೈತನ ಕಿಡ್ನಿಗೆ ಇನ್ನೊಂದು ಎಂಬುದನ್ನು ಯಾವ ಲೆಕ್ಕವೂ ಸಮರ್ಥಿಸಲಾರದು.

2022ರ ಫೆಬ್ರವರಿಯಲ್ಲಿ ಮತ್ತೆ ಬದಲಾಯಿತು. ಆಗಿನ ಆರೋಗ್ಯ ಸಚಿವ ಅನುಟಿನ್ ಚಾರ್ನ್‌ವೀರಕುಲ್ ಅವರ ಕಾಲದಲ್ಲಿ, ರೋಗಿ ಯಾವುದನ್ನಾದರೂ ಆರಿಸಿಕೊಳ್ಳಬಹುದು, ಎರಡೂ ಉಚಿತ ಎಂದರು. ಕೇಳಲು ಎಷ್ಟು ಚೆನ್ನಾಗಿದೆ ಅಲ್ವಾ? ಆಯ್ಕೆಯ ಸ್ವಾತಂತ್ರ್ಯ ಯಾರಿಗೆ ಬೇಡ? ಆದರೆ ಹೊಸ ರೋಗಿಗಳು ಹೆಚ್ಚಾಗಿ ಯಂತ್ರದ ಕಡೆ ಹೋದರು. ಖಾಸಗಿ ಡಯಾಲಿಸಿಸ್ ಕೇಂದ್ರಗಳು ಬೆಳೆದವು. ಯಂತ್ರ ಜೋಡಿಸಲು ಕೈಯ ರಕ್ತನಾಳ ಸಿದ್ಧಮಾಡುವ ಶಸ್ತ್ರವೈದ್ಯರು ಅಷ್ಟು ಜನ ಇರಲಿಲ್ಲ. ಖರ್ಚು ಏರಿತು. ಸಾವುಗಳ ದಾಖಲೆಯೂ ಚಿಂತೆ ಹುಟ್ಟಿಸುವಂತಿತ್ತು. ಹೊಟ್ಟೆಯ ಡಯಾಲಿಸಿಸ್ ಕಲಿಸುತ್ತಿದ್ದ ತಂಡಗಳು ಕೆಲಸ ಕಡಿಮೆಯಾಗಿ ಸೊರಗಿದವು. ಇಂಥ ತಂಡ ಕಟ್ಟಲು ವರ್ಷಗಟ್ಟಲೆ ಬೇಕು, ಕರಗಲು ಒಂದು ಸುತ್ತೋಲೆ ಸಾಕು.

ಆಮೇಲೆ ನಡೆದದ್ದನ್ನು ನಿಮ್ಮ ಸಹೋದ್ಯೋಗಿಗೆ ಮುಖ್ಯವಾಗಿ ಹೇಳಿ. ಸಂಶೋಧಕರು ಮತ್ತೆ ಲೆಕ್ಕ ತೆಗೆದು ಮುಂದಿಟ್ಟರು. 2025ರ ಏಪ್ರಿಲ್ 1ರಿಂದ ಹೊಸ ರೋಗಿಗಳಿಗೆ ‘ಮೊದಲು ಹೊಟ್ಟೆಯ ಡಯಾಲಿಸಿಸ್’ ನೀತಿ ವಾಪಸ್ ಬಂತು. ಉಚಿತವಾಗಿ ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಯಾವ ಸರ್ಕಾರಕ್ಕೂ ಸುಲಭವಲ್ಲ. ಮೂರು ವರ್ಷದಲ್ಲಿ ತಿದ್ದಿಕೊಂಡರು ಎಂಬುದೇ ನನಗೆ ಆಶ್ಚರ್ಯ. ಪುರಾವೆ ಆಧಾರಿತ ವ್ಯವಸ್ಥೆ ಅಂದರೆ ತಪ್ಪೇ ಮಾಡದ ವ್ಯವಸ್ಥೆ ಎಂದು ನಾನು ತಿಳಿದಿಲ್ಲ. ಎಣಿಸುವವರು ಇರಬೇಕು, ಎಣಿಸಿದ್ದನ್ನು ಹೇಳಲು ಅವರಿಗೆ ಭಯ ಇರಬಾರದು, ಹೇಳಿದ್ದು ಕೇಳಿಸುವ ಒಂದು ಮೇಜು ಇರಬೇಕು.

ಭಾರತದ ಜೊತೆಗಿನ ನಂಟನ್ನೂ ಹೇಳಬೇಕು. 2006ರ ನವೆಂಬರ್‌ನಲ್ಲಿ ಎಚ್‌ಐವಿ ಔಷಧಿ ಎಫವಿರೆಂಜ್‌ಗೆ, 2007ರ ಜನವರಿಯಲ್ಲಿ ಇನ್ನೊಂದು ಎಚ್‌ಐವಿ ಔಷಧಿಗೆ ಮತ್ತು ಹೃದಯದ ಔಷಧಿ ಕ್ಲೋಪಿಡೋಗ್ರೆಲ್‌ಗೆ ಥಾಯ್ಲೆಂಡ್ ಕಡ್ಡಾಯ ಲೈಸೆನ್ಸ್ ಹೊರಡಿಸಿತು. ಪೇಟೆಂಟ್ ಇದ್ದರೂ ಅಗ್ಗದ ಜೆನರಿಕ್ ತರಿಸಿಕೊಳ್ಳುವ ಅಧಿಕಾರ ಅದು. ಎಫವಿರೆಂಜ್ ಹೋಗಿದ್ದು ಭಾರತದ ಕಾರ್ಖಾನೆಯಿಂದ. ಆ ಎರಡನೆಯ ಎಚ್‌ಐವಿ ಔಷಧಿಯ ಪೇಟೆಂಟ್ ಹೊಂದಿದ್ದ ಅಬಾಟ್ ಕಂಪನಿ ಸಿಟ್ಟಾಗಿ, ತನ್ನ ಹೊಸ ಔಷಧಿಗಳ ನೋಂದಣಿ ಅರ್ಜಿಗಳನ್ನು ಅಲ್ಲಿಂದ ವಾಪಸ್ ಪಡೆಯಿತು.

ಇನ್ನು ಕರ್ನಾಟಕದ ಮಾತು. ನಮ್ಮಲ್ಲಿ ಏನೂ ಆಗಿಲ್ಲ ಅಂದುಕೊಳ್ಳಬೇಡಿ. ಆರೋಗ್ಯ ವಿಮೆಯ ಬಗ್ಗೆ ಪ್ರಪಂಚದಾದ್ಯಂತ ಉಲ್ಲೇಖಿಸುವ ಎರಡು ಅಧ್ಯಯನಗಳು ನಮ್ಮ ಹಳ್ಳಿಗಳಲ್ಲೇ ನಡೆದಿವೆ.

ಒಂದು, ವಾಜಪೇಯಿ ಆರೋಗ್ಯಶ್ರೀ. ಬಿಪಿಎಲ್ ಕುಟುಂಬಗಳಿಗೆ ಹೃದಯ, ಕ್ಯಾನ್ಸರ್ ಮುಂತಾದ ದೊಡ್ಡ ಕಾಯಿಲೆಗಳ ಉಚಿತ ಚಿಕಿತ್ಸೆ. 2010ರಲ್ಲಿ ಉತ್ತರ ಕರ್ನಾಟಕದಲ್ಲಿ ಮೊದಲು ಶುರುವಾಯಿತು, ದಕ್ಷಿಣಕ್ಕೆ ಆಮೇಲೆ ಬಂತು. ಈ ಅಂತರವನ್ನೇ ಸಂಶೋಧಕರು ಬಳಸಿಕೊಂಡರು. ಯೋಜನೆ ಬಂದ ಭಾಗದ 300 ಹಳ್ಳಿಗಳನ್ನೂ ಇನ್ನೂ ಬಾರದ ಭಾಗದ 272 ಹಳ್ಳಿಗಳನ್ನೂ ಹೋಲಿಸಿದರು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಫಲಿತಾಂಶದ ಪ್ರಕಾರ, ಯೋಜನೆಯ ವ್ಯಾಪ್ತಿಗೆ ಬರುವ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆದ ಸಾವು ಶೇ. 64ರಷ್ಟು ಕಡಿಮೆ. ಆಸ್ಪತ್ರೆಗೆ ಜೇಬಿನಿಂದ ಹಾಕುವ ಖರ್ಚು ಶೇ. 34ರಷ್ಟು ಕಡಿಮೆ.

ಇನ್ನೊಂದು, ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ. ಮೈಸೂರು ಮತ್ತು ಕಲಬುರಗಿ ಜಿಲ್ಲೆಗಳ 435 ಹಳ್ಳಿಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳ ಮೇಲೆ ನಡೆದ ಪ್ರಯೋಗ. ಕೆಲವರಿಗೆ ವಿಮೆ ಉಚಿತ, ಕೆಲವರು ದುಡ್ಡು ಕೊಟ್ಟು ಕೊಳ್ಳಬಹುದು, ಕೆಲವರಿಗೆ ಇಲ್ಲ. ಯಾರಿಗೆ ಯಾವುದು ಎಂದು ಚೀಟಿ ಎತ್ತಿದ ಹಾಗೆ ಹಂಚಿದ್ದು. ಮೂರೂವರೆ ವರ್ಷದವರೆಗೆ ಹಿಂಬಾಲಿಸಿ ನೋಡಿದಾಗ ಆರೋಗ್ಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಜನ ವಿಮೆ ಬೇಡ ಅನ್ನಲಿಲ್ಲ, ಪೂರ್ತಿ ದುಡ್ಡು ಕೊಟ್ಟೂ ಶೇ. 60ರಷ್ಟು ಮಂದಿ ಕೊಂಡರು. ಆದರೆ ಆಸ್ಪತ್ರೆಗೆ ಹೋದಾಗ ಎಷ್ಟೋ ಮಂದಿ ಅದನ್ನು ಬಳಸಲು ಪ್ರಯತ್ನಿಸಿಯೂ ಸೋತರು. ಕಾರ್ಡ್ ಕೈಗೆ ಬಂದಿತ್ತು, ಆಸ್ಪತ್ರೆಯಲ್ಲಿ ಅದು ನಡೆಯಲಿಲ್ಲ.

ಒಂದೇ ರಾಜ್ಯ, ಎರಡು ಫಲಿತಾಂಶ. ಗೊಂದಲ ಬೇಡ. ಎರಡೂ ಬೇರೆ ಬೇರೆ ವಸ್ತುಗಳನ್ನು ಅಳೆದವು. ಆರೋಗ್ಯಶ್ರೀಯಲ್ಲಿ ಹಳ್ಳಿಗಳ ಹತ್ತಿರ ಶಿಬಿರ ಮಾಡಿ ರೋಗಿಗಳನ್ನು ಹುಡುಕಿ, ದೊಡ್ಡಾಸ್ಪತ್ರೆಗೆ ಕಳಿಸುತ್ತಿದ್ದರು. ಚಿಕಿತ್ಸೆ ಕೂಡ ಜೀವ ಉಳಿಸುವಂಥದ್ದು. ಇನ್ನೊಂದರಲ್ಲಿ ಕಾರ್ಡ್ ಕೊಟ್ಟು, ಉಳಿದದ್ದನ್ನು ಕುಟುಂಬಕ್ಕೆ ಬಿಟ್ಟಿದ್ದರು. ಥಾಯ್ಲೆಂಡಿನ ಬಡವರ ಹಳೆಯ ಕಾರ್ಡ್ ಮತ್ತು 1,202 ಬಹ್ತ್ ನಡುವೆ ಇದ್ದ ವ್ಯತ್ಯಾಸವೂ ಹೆಚ್ಚುಕಡಿಮೆ ಇದೇ.

ನಮ್ಮ ತೊಂದರೆ ಪುರಾವೆ ಇಲ್ಲದಿರುವುದಲ್ಲ. ಹೈಟ್ಯಾಪ್‌ಗೆ ಹೋಲುವ ಸಂಸ್ಥೆಯೂ ಕೇಂದ್ರದಲ್ಲಿ ಇದೆ. ಆರೋಗ್ಯ ಸಂಶೋಧನಾ ಇಲಾಖೆಯ ಕೆಳಗೆ 2017ರಲ್ಲಿ ಶುರುವಾಗಿದ್ದು, ಎಚ್‌ಟಿಎ ಇಂಡಿಯಾ ಎಂದು ಹೆಸರು. ಅಧ್ಯಯನಗಳು ಬರುತ್ತಿವೆ. ಆದರೆ ಥಾಯ್ಲೆಂಡಿನಲ್ಲಿ ಒಂದು ಚಿಕಿತ್ಸೆ ಯೋಜನೆಯೊಳಗೆ ಬರಬೇಕಾದರೆ ಆ ಮೇಜಿನ ಮೇಲೆ ಹಾದು ಬರುವುದು ವಾಡಿಕೆ. ನಮ್ಮಲ್ಲಿ ಯೋಜನೆ ಘೋಷಣೆಯಾದ ಮೇಲೆ ಹೆಸರು ಬದಲಾಗುತ್ತದೆ, ಒಂದರೊಳಗೆ ಇನ್ನೊಂದು ಸೇರುತ್ತದೆ. 2018ರಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಬಂದಾಗಲೂ ಹಳೆಯ ಯೋಜನೆಗಳು ಅದರೊಳಗೆ ಕರಗಿದವು. ಹಳೆಯದರಲ್ಲಿ ಯಾವುದು ಕೆಲಸ ಮಾಡಿತ್ತು, ಯಾವುದು ಮಾಡಲಿಲ್ಲ ಎಂದು ಜನರ ಮುಂದೆ ಇಟ್ಟು ಚರ್ಚಿಸುವ ಪದ್ಧತಿ ಇನ್ನೂ ಬೆಳೆದಿಲ್ಲ.

ಹಾಗಾಗಿ ಆಫೀಸಿನಲ್ಲಿ ಮತ್ತೆ ವಾದ ಎದ್ದರೆ, ‘ಇದು ಓಟಿಗಾಗಿ ಮಾಡಿದ್ದಾ?’ ಎಂದು ಕೇಳಿ ಪ್ರಯೋಜನವಿಲ್ಲ. ಪ್ರಜಾಪ್ರಭುತ್ವದಲ್ಲಿ ಎಲ್ಲವೂ ಸ್ವಲ್ಪ ಓಟಿಗಾಗಿಯೇ. ಬೇರೆ ಮೂರು ಪ್ರಶ್ನೆ ಕೇಳಿ. ಕಾರ್ಡಿನ ಹಿಂದೆ ಆಸ್ಪತ್ರೆಗೆ ಎಷ್ಟು ದುಡ್ಡು ಹೋಗುತ್ತಿದೆ, ಯಾವ ಲೆಕ್ಕದಲ್ಲಿ? ಯೋಜನೆಯನ್ನು ಹಂತ ಹಂತವಾಗಿ ಬಿಟ್ಟು, ಬಂದ ಕಡೆ ಬಾರದ ಕಡೆ ಹೋಲಿಸಿ ನೋಡುವ ಏರ್ಪಾಡು ಇದೆಯಾ? ಆ ಹೋಲಿಕೆಯಲ್ಲಿ ಫಲಿತಾಂಶ ಕೆಟ್ಟದಾಗಿ ಬಂದರೆ ಅದನ್ನು ಪ್ರಕಟಿಸುವವರು ಯಾರು?